ಮೂರು ಗಂಟೆಯ ಸೊನ್ನೆಗಳು

ಏಳು ಶಾಲೆಗಳ ಮಕ್ಕಳು ಅವರನ್ನು ಬೆಲ್ಟ್ ಟೀಚರ್ ಅಂತಲೇ ಕರೆಯುತ್ತಿದ್ದರು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಅವರು ಡ್ರಿಲ್ ಟೀಚರ್. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆಯುತ್ತಿದ್ದವರು ಗಂಡ ಒಬ್ಬರೇ, ಅದೂ ಊಟಕ್ಕೆ ತಡವಾದಾಗ. ಗಿಡ್ಡ ಆಳು, ದಪ್ಪ ದನಿ, ಮೂಗಿನ ತುದಿಯಲ್ಲೇ ಕೋಪ. ಅವರು ನಡೆದರೆ ಜೊತೆಯವರು ಓಡಬೇಕು. ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಸ್ವಂತ ಮದುವೆಯಲ್ಲೂ ಎದ್ದು ಹೋಗಿ ಕುರ್ಚಿ ಸರಿಪಡಿಸಿದ ಹೆಂಗಸು ಅಂತ ಗಂಡ ಇವತ್ತಿಗೂ ಹೇಳಿ ನಗುತ್ತಾರೆ.

ಡ್ರಿಲ್ ಟೀಚರ್ ಕೆಲಸ ಹೋದದ್ದು ಅವರ ತಪ್ಪಿನಿಂದಲ್ಲ. ಶಾಲೆಯವರು ಆಟದ ಮೈದಾನದಲ್ಲಿ ಮೂರು ಅಂತಸ್ತಿನ ಕಟ್ಟಡ ಎಬ್ಬಿಸಿದರು. ಮೈದಾನವೇ ಇಲ್ಲದ ಮೇಲೆ ಡ್ರಿಲ್ ಟೀಚರ್ ಯಾಕೆ? ‘ಲೈಬ್ರರಿ ನೋಡ್ಕೊಳ್ಳಿ’ ಅಂದರು. ಆರು ತಿಂಗಳು ಆಕೆ ಪುಸ್ತಕಗಳ ನಡುವೆ ಕೂತು ಕಾಲು ಅಲುಗಾಡಿಸಿದರು. ಓಡುವ ಕುದುರೆಯನ್ನು ಗೂಟಕ್ಕೆ ಕಟ್ಟಿದ ಹಾಗಾಯಿತು ಅದು. ಅಷ್ಟರಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಕಂಡಿತು: ಮಕ್ಕಳು ದಿನಕ್ಕೆ ಎಷ್ಟು ಆಡುತ್ತಾರೆ, ಎಷ್ಟು ಓಡುತ್ತಾರೆ ಎಂದು ಅಳೆಯುವ ಒಂದು ಅಧ್ಯಯನಕ್ಕೆ ಶಾಲೆಗಳಿಗೆ ಹೋಗಿ ಬರುವವರು ಬೇಕಾಗಿದ್ದಾರೆ. ಟೀಚರ್ ಮರುದಿನವೇ ಹೋಗಿ ಸೇರಿದರು. ಸಂಬಳ ಅರ್ಧ. ಆದರೆ ಅವರ ತಲೆಯಲ್ಲಿ ಒಂದು ಆಸೆ ಕೂತಿತ್ತು. ಮಕ್ಕಳು ಕೂತಲ್ಲೇ ಬೇರು ಬಿಡುತ್ತಿದ್ದಾರೆ ಎಂದು ಬಾಯಲ್ಲಿ ಹೇಳಿದರೆ ಯಾರೂ ಕೇಳಲಿಲ್ಲ, ಅಂಕಿ ತೋರಿಸಿದರೆ ಕೇಳಿಯಾರು, ಮೈದಾನ ವಾಪಸ್ ಬಂದೀತು. ಪಾಪ, ಅಂಕಿಗಳ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದರು.

ಕಚೇರಿ ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಅಧ್ಯಯನ ನಡೆಸುವ ಡಾಕ್ಟರ್ ಮೇಡಂ. ಹೊರಗಿನದರಲ್ಲಿ ಎರಡು ಕಂಪ್ಯೂಟರಿನ ಹಿಂದೆ ಅಂಕಿ ಸರ್, ರಿಟೈರ್ ಆಗಲು ಎರಡು ವರ್ಷ ಬಾಕಿ ಇದ್ದ, ಮಾತಿಗಿಂತ ನಿಟ್ಟುಸಿರೇ ಹೆಚ್ಚಿದ್ದ ಮನುಷ್ಯ. ಗೋಡೆಯುದ್ದಕ್ಕೂ ಮೊಳೆ ಹೊಡೆದು ತೂಗುಹಾಕಿದ ಎಲಾಸ್ಟಿಕ್ ಬೆಲ್ಟುಗಳು. ಒಂದೊಂದು ಬೆಲ್ಟಿನ ಪುಟ್ಟ ಜೇಬಿನಲ್ಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ. ಆ ಜೇಬುಗಳನ್ನೆಲ್ಲ ಹೊಲಿದುಕೊಟ್ಟವರು ಟೀಚರ ಗಂಡ, ಅವರು ದರ್ಜಿ.

ಕೆಲಸ ಸುಲಭ. ಸೋಮವಾರ ಮಕ್ಕಳ ಸೊಂಟಕ್ಕೆ ಬೆಲ್ಟ್ ಕಟ್ಟಬೇಕು, ಮುಂದಿನ ಸೋಮವಾರ ಬಿಚ್ಚಿಸಿಕೊಳ್ಳಬೇಕು. ನಡುವಿನ ಏಳು ದಿನ ಮಗು ಎಷ್ಟು ಅಲುಗಾಡಿತು ಎಂದು ಯಂತ್ರ ನಿಮಿಷಕ್ಕೊಂದು ಅಂಕಿ ಬರೆದುಕೊಳ್ಳುತ್ತದೆ. ಓಡಿದರೆ ನಾಲ್ಕೈದು ಸಾವಿರ. ನಡೆದರೆ ಒಂದೆರಡು ಸಾವಿರ. ಕೂತು ಬರೆದರೆ ಹತ್ತು ಇಪ್ಪತ್ತು. ಸ್ನಾನಕ್ಕೂ ರಾತ್ರಿಯ ನಿದ್ದೆಗೂ ಬಿಟ್ಟರೆ ಬೆಲ್ಟ್ ತೆಗೆಯುವ ಹಾಗಿಲ್ಲ.

ಹಾಗಿಲ್ಲ ಅಂದರೆ ಕೇಳಲು ಮಕ್ಕಳೇನು ಬೊಂಬೆಗಳೇ? ಒಬ್ಬ ಬೆಲ್ಟನ್ನು ನಾಯಿಗೆ ಕಟ್ಟಿದ. ಇನ್ನೊಬ್ಬಳು ಬಟ್ಟೆ ಒಗೆಯುವ ಮೆಷಿನ್ನಿನ ಮೇಲಿಟ್ಟು, ಆ ವಾರ ನಿಂತಲ್ಲೇ ಹತ್ತು ಮೈಲಿ ಓಡಿದಳು. ಇಂಥವರನ್ನೆಲ್ಲ ಹಿಡಿಯುವುದರಲ್ಲಿ ಟೀಚರದ್ದು ಎತ್ತಿದ ಕೈ. ಕ್ಲಾಸಿನ ಬಾಗಿಲಲ್ಲಿ ನಿಂತು, ‘ಬೆಲ್ಟ್ ಬಿಚ್ಚಿದವರು ಯಾರು ಅಂತ ನನಗೆ ಗೊತ್ತು’ ಅನ್ನುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇದ್ದೇ ಇರುತ್ತಾನಲ್ಲ, ಯಾರ ಕೈ ಸೊಂಟಕ್ಕೆ ಹೋಯಿತೋ ಅವನೇ ಕಳ್ಳ. ನಾನೂರ ಇಪ್ಪತ್ತು ಮಕ್ಕಳಲ್ಲಿ ಟೀಚರ ಕೈಯಿಂದ ತಿರಸ್ಕಾರವಾದದ್ದು ಒಂಬತ್ತೇ ಬೆಲ್ಟು. ಅದು ಅವರ ಹೆಮ್ಮೆ, ಮಾತಿಗೆ ಮುಂಚೆ ಅದನ್ನೇ ಹೇಳುತ್ತಿದ್ದರು.

ತಿರಸ್ಕಾರಕ್ಕೆ ಒಂದು ನಿಯಮವಿತ್ತು. ಒಂದು ಗಂಟೆಗೂ ಮೀರಿ ಸಾಲಾಗಿ ಸೊನ್ನೆ ಬಂದರೆ, ನಡುವೆ ಎಲ್ಲೋ ಒಂದೆರಡು ಚಿಲ್ಲರೆ ಅಂಕಿ ಇದ್ದರೂ, ಬೆಲ್ಟ್ ಮೈಮೇಲಿಲ್ಲ ಎಂದು ಲೆಕ್ಕ. ಬದುಕಿರುವ ಮಗು ಕೂತರೂ ಕೆರೆದುಕೊಳ್ಳುತ್ತದೆ, ಮಲಗಿದರೂ ಹೊರಳುತ್ತದೆ. ಪೂರ್ತಿ ಸೊನ್ನೆ ಅಂದರೆ ಬೆಲ್ಟು ಗೂಟದಲ್ಲಿ ನೇತಾಡುತ್ತಿದೆ ಎಂದೇ ಅರ್ಥ. ಕಂಪ್ಯೂಟರು ಆ ಹೊತ್ತನ್ನು ತಾನೇ ಕತ್ತರಿಸಿ ಹಾಕುತ್ತಿತ್ತು. ನಿಯಮ ತಪ್ಪೂ ಅಲ್ಲ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ನಿಜವೇ.

ನೂರನೆಯದು ಮಿಡತೆ.

ಐದನೆಯ ತರಗತಿ, ಹನ್ನೊಂದು ವರ್ಷ, ಕಡ್ಡಿಯಂಥ ಕಾಲು. ನಿಂತಲ್ಲಿಂದ ಚಿಮ್ಮುತ್ತಾಳೆ ಅಂತ ಹುಡುಗಿಯರು ಇಟ್ಟ ಹೆಸರು ಅದು. ಊಟದ ಬಿಡುವಿನಲ್ಲಿ ಶಾಲೆಯ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಅವಳು ಓಡುವುದನ್ನು ಮೊದಲ ದಿನ ನೋಡಿದಾಗಲೇ ಟೀಚರಿಗೆ ಕೈ ತುರಿಸಿತ್ತು. ಬೆಲ್ಟ್ ಕಟ್ಟಲು ಬಂದವರು ಗಡಿಯಾರ ಹಿಡಿದು ನಿಂತರು. ‘ಮೊಣಕೈ ಒಳಗೆ! ತಲೆ ನೆಟ್ಟಗೆ!’ ಹತ್ತೊಂಬತ್ತು ವರ್ಷದಲ್ಲಿ ಇಂಥ ಕಾಲು ಎರಡೋ ಮೂರೋ ಸಿಕ್ಕಿದ್ದವು. ಮುಂದಿನ ತಿಂಗಳು ಎಲ್ಲಾ ಶಾಲೆಗಳು ಸೇರಿ ನಡೆಸುವ ಓಟಕ್ಕೆ ಅವಳ ಹೆಸರು ಕೊಡುತ್ತೇನೆ ಅಂದುಬಿಟ್ಟರು. ಅಂದು ಮನೆಗೆ ಹೋಗಿ ಗಂಡನ ಹತ್ತಿರ ಆಡಿದ್ದು ಬರೀ ಅವಳದೇ ಮಾತು.

ಹೀಗಿರುವಾಗ ಮಿಡತೆಯ ಬೆಲ್ಟಿನ ಅಂಕಿ ಬಂದಾಗ ಟೀಚರಿಗೆ ಮೈಯೆಲ್ಲ ಉರಿಯಿತು. ಹಗಲೆಲ್ಲ ಇಡೀ ಕ್ಲಾಸಿಗೇ ಹೆಚ್ಚು. ಸಂಜೆ ನಾಲ್ಕೂವರೆ ಆಯಿತೋ, ಸೊನ್ನೆ. ನಡುನಡುವೆ ಎಲ್ಲೋ ಒಂದು ಎರಡು, ಮೂರು. ಏಳೂವರೆಗೆ ಮತ್ತೆ ಅಂಕಿ ಶುರು. ಭಾನುವಾರ ಒಂದನ್ನು ಬಿಟ್ಟು ದಿನಾ ಹೀಗೇ. ಬೇರೆ ಯಾರಾದರೂ ಆಗಿದ್ದರೆ ಟೀಚರ್ ನಕ್ಕು ಬಿಡುತ್ತಿದ್ದರೋ ಏನೋ. ಪ್ರೀತಿ ಇದ್ದ ಕಡೆಗೇ ಸಿಟ್ಟು ಮೊದಲು ಹೋಗುವುದು.

ಎಲ್ಲರ ಎದುರಿಗೇ ನಿಲ್ಲಿಸಿ ಕೇಳಿದರು. ‘ಯಾಕೆ ತೆಗೆದೆ?’

‘ತೆಗೆದಿಲ್ಲ ಟೀಚರ್.’

‘ಸ್ನಾನಕ್ಕೆ ಹೋಗಿದ್ಯಾ?’

‘ಇಲ್ಲ.’

‘ನಿದ್ದೆ ಮಾಡಿದ್ಯಾ?’

‘ಇಲ್ಲ ಟೀಚರ್. ಸುಮ್ನೆ ಕೂತಿದ್ದೆ.’

‘ಮೂರು ಗಂಟೆ? ನೀನು? ಸುಮ್ನೆ?’ ಟೀಚರ್ ನಕ್ಕರು, ಕ್ಲಾಸೂ ನಕ್ಕಿತು. ‘ಸತ್ತೋರು ಮಾತ್ರ ಕಣೇ ಹಾಗೆ ಕೂರೋದು. ನೋಡು, ಇನ್ನೊಂದು ವಾರ ಕಟ್ತೀನಿ. ಮತ್ತೆ ಸೊನ್ನೆ ಬಂತೋ, ಸುಳ್ಳು ಹೇಳೋರ ಹೆಸರನ್ನ ನಾನು ಓಟಕ್ಕೆ ಕೊಡಲ್ಲ.’

ಹುಡುಗಿ ಎರಡೂ ಕೈಯಿಂದ ಬೆಲ್ಟನ್ನು ಒತ್ತಿ ಹಿಡಿದುಕೊಂಡು ಹೋಗಿ ಕೂತಳು. ಟೀಚರ ಕೈಯಲ್ಲಿ ಅಚ್ಚು ಹಾಕಿಸಿದ ಒಂದು ಫಾರಂ ಇತ್ತು. ಅದರ ಹದಿನಾಲ್ಕನೆಯ ಪ್ರಶ್ನೆ: ಬೆಲ್ಟ್ ತೆಗೆದ ಕಾರಣವೇನು? ಸ್ನಾನ, ನಿದ್ದೆ, ತುರಿಕೆ, ಮರೆವು, ಇತರೆ. ‘ತೆಗೆದಿಲ್ಲ’ ಅನ್ನುವ ಉತ್ತರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಟೀಚರ್ ‘ಮರೆವು’ ಅನ್ನುವುದಕ್ಕೆ ಗುರುತು ಹಾಕಿದರು. ಹುಡುಗಿ ನಿಜ ಹೇಳಿಯಾಗಿತ್ತು, ಅದನ್ನು ಕಿವಿಯಾರೆ ಕೇಳಿಯೂ ಆಗಿತ್ತು.

ಕಟ್ಟಿದ್ದು ಸೋಮವಾರ. ಬುಧವಾರ ಸಂಜೆಯ ಹೊತ್ತಿಗೆ ಟೀಚರಿಗೆ ತಡೆಯಲಾಗಲಿಲ್ಲ. ಯಂತ್ರದೊಳಗೆ ಏನು ಬರೆದಿದೆ ಎಂದು ಮುಂದಿನ ಸೋಮವಾರದವರೆಗೆ ಕಾಯಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಈಗಲೇ ಒಂದು ಫೋನ್ ಮಾಡಿ ಬೆಲ್ಟ್ ಹಾಕಿದ್ದಾಳೋ ಇಲ್ಲವೋ ಕೇಳಿದರಾಯಿತು ಅಂದುಕೊಂಡರು. ಹಾಗೆ ಮನೆಗೆ ಫೋನ್ ಮಾಡಬೇಕೆಂದು ಅಧ್ಯಯನದವರು ಯಾರೂ ಹೇಳಿರಲಿಲ್ಲ, ಮಾಡಬಾರದು ಎಂದೂ ಹೇಳಿರಲಿಲ್ಲ. ತಂದೆತಾಯಿ ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಒಂದೇ ನಂಬರಿತ್ತು. ಐದು ನಲವತ್ತಕ್ಕೆ ಹಚ್ಚಿದರು. ಎತ್ತಲಿಲ್ಲ. ಮತ್ತೆ ಹಚ್ಚಿದರು. ಅರ್ಧಕ್ಕೆ ಬಿಡುವುದು ಅವರ ಜಾತಕದಲ್ಲೇ ಇಲ್ಲ. ಮೂರನೆಯ ಸಲಕ್ಕೆ ಒಂದು ಗಂಡು ದನಿ ಬಂತು, ನಿದ್ದೆಯಿಂದ ಎದ್ದದ್ದು.

‘ಯಾರದು?’

‘ನಾನು ಬೆಲ್ಟಿನ ಟೀಚರ್. ನಿಮ್ಮ ಮಗಳ ಸೊಂಟದಲ್ಲಿ ಬೆಲ್ಟ್ ಇದೆಯಾ ನೋಡಿ ಸ್ವಲ್ಪ. ದಿನಾ ಈ ಹೊತ್ತಿಗೆ ಬಿಚ್ಚಿಟ್ಟು ನನ್ನ ಹತ್ರ ಸುಳ್ಳು ಹೇಳ್ತಾಳೆ. ಸ್ವಲ್ಪ ಗದರಿಸಿ ಹೇಳಿ.’

ಆ ಕಡೆಯಿಂದ ಮೆಲ್ಲಗೆ, ‘ಆಯ್ತು. ಹೇಳ್ತೀನಿ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟೀಚರ್ ರಿಜಿಸ್ಟರಿನಲ್ಲಿ ‘5:43. ತಂದೆಗೆ ತಿಳಿಸಲಾಗಿದೆ’ ಎಂದು ದುಂಡಗೆ ಬರೆದು, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಗುರುವಾರ ಮಿಡತೆ ಶಾಲೆಗೆ ಬರಲಿಲ್ಲ. ಶುಕ್ರವಾರವೂ ಇಲ್ಲ. ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಮುರಿದಿದೆಯಂತೆ, ದೊಡ್ಡಾಸ್ಪತ್ರೆಯಲ್ಲಿ ಇದ್ದಾಳಂತೆ ಅಂದರು ಹೆಡ್‌ಮಿಸ್. ಟೀಚರಿಗೆ ಓಟದ ದಿನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಬೆಲ್ಟ್ ಎಲ್ಲಿದೆಯೋ, ಈ ವಾರದ ಅಂಕಿ ಹಾಳಾಯಿತಲ್ಲ ಎಂದು. ಇದನ್ನು ಅವರೇ ಆಮೇಲೆ ಬಾಯಿಬಿಟ್ಟು ಹೇಳಿದ್ದು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು.

ಹುಡುಗಿಯ ತಾಯಿಗೆ ಅದೇ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಸೋಮವಾರ ಟೀಚರ್ ಹುಡುಕಿಕೊಂಡು ಹೋದಾಗ ಅವಳು ನೆಲಮಾಳಿಗೆಯಲ್ಲಿ ಹಬೆಯ ನಡುವೆ ಹಾಸಿಗೆ ಬಟ್ಟೆ ಹಿಂಡುತ್ತಿದ್ದಳು. ಟೀಚರನ್ನು ಕಂಡವಳೇ ಕೈ ಒರೆಸಿಕೊಂಡು, ಗೂಟದಲ್ಲಿದ್ದ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದುಕೊಟ್ಟಳು. ಒಳಗೆ ಬೆಲ್ಟು, ತೊಳೆದು ಮಡಚಿದ್ದು. ಯಂತ್ರವನ್ನು ಬೇರೆ ಕಾಗದದಲ್ಲಿ ಸುತ್ತಿದ್ದಳು.

‘ಟೀಚರಿಗೆ ಕೊಡು, ಟೀಚರಿಗೆ ಕೊಡು ಅಂತ ಒಂದೇ ಸಮ ಹೇಳ್ತಿದ್ಲು,’ ಅಂದಳು.

‘ಹೇಗೆ ಬಿದ್ಲಮ್ಮಾ?’

‘ಮೆಟ್ಟಿಲಿಂದ.’ ಹೇಳುವಾಗ ಅವಳ ಕಣ್ಣು ನೆಲದ ಮೇಲಿತ್ತು.

ವಾರ್ಡಿಗೆ ಹೋಗಿ ನೋಡಲು ನಾಲ್ಕು ಗಂಟೆಯವರೆಗೆ ಬಿಡುವುದಿಲ್ಲ ಅಂದರು. ಟೀಚರ್ ಕಚೇರಿಗೆ ಬಂದು ಯಂತ್ರವನ್ನು ಅಂಕಿ ಸರ್ ಮುಂದೆ ಇಟ್ಟರು. ತಂತಿ ಚುಚ್ಚಿದರು, ಅಂಕಿಗಳು ಸಾಲು ಸಾಲಾಗಿ ಇಳಿದವು. ಸೋಮವಾರ ಸಂಜೆ ಸೊನ್ನೆ. ಮಂಗಳವಾರ ಸಂಜೆ ಸೊನ್ನೆ. ಬುಧವಾರವೂ ನಾಲ್ಕು ಮೂವತ್ತೆಂಟರಿಂದ ಸೊನ್ನೆ, ಸೊನ್ನೆ, ಸೊನ್ನೆ. ಐದು ನಲವತ್ತನಾಲ್ಕಕ್ಕೆ ಮೂವತ್ತು. ಐದು ನಲವತ್ತಾರಕ್ಕೆ ಒಂಬತ್ತು ಸಾವಿರ.

ಅಷ್ಟು ದೊಡ್ಡ ಅಂಕಿ ಗೇಟಿನಿಂದ ಟ್ಯಾಂಕಿನವರೆಗೆ ಓಡಿದಾಗಲೂ ಅವಳಿಗೆ ಬಂದಿರಲಿಲ್ಲ. ಹನ್ನೊಂದು ಸಾವಿರ. ಎಂಟು ಸಾವಿರ. ಐದು ಐವತ್ತೇಳರವರೆಗೆ ಹಾಗೇ ಹೋಯಿತು. ಆಮೇಲೆ ಎಂಟು ಗಂಟೆ ಹನ್ನೆರಡು ನಿಮಿಷದವರೆಗೆ ಸೊನ್ನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಈ ಕಂಪ್ಯೂಟರು. ಆ ಹನ್ನೊಂದು ನಿಮಿಷಕ್ಕೆ ಹಸಿರು ಬಣ್ಣ ಬಳಿದು ಪಕ್ಕದಲ್ಲಿ ‘ತೀವ್ರ ಚಟುವಟಿಕೆ’ ಎಂದು ಬರೆದಿತ್ತು. ಹಿಂದಿನ ಮುಂದಿನ ಸೊನ್ನೆಗಳನ್ನು ‘ಬೆಲ್ಟ್ ಧರಿಸಿಲ್ಲ’ ಎಂದು ಕತ್ತರಿಸಿತ್ತು.

ಅಂಕಿ ಸರ್ ಒಂದು ನಿಟ್ಟುಸಿರು ಬಿಟ್ಟರು. ‘ಇದರಲ್ಲಿ ಇನ್ನೊಂದು ಕಾಲಂ ಇದೆ ಟೀಚರ್. ನಮ್ಮ ಅಧ್ಯಯನಕ್ಕೆ ಬೇಡ ಅಂತ ನಾವು ಯಾರೂ ತೆರೆಯಲ್ಲ.’ ಯಂತ್ರ ನೆಟ್ಟಗಿದೆಯೋ ಅಡ್ಡ ಬಿದ್ದಿದೆಯೋ ಎಂದು ಹೇಳುವ ಕಾಲಂ ಅದು. ಬಿಚ್ಚಿಟ್ಟ ಬೆಲ್ಟಾದರೆ ಅಡ್ಡ ಬಿದ್ದಿರಬೇಕು, ಮೊಳೆಗೆ ನೇತುಹಾಕಿದರೆ ಓರೆಯಾಗಿರಬೇಕು. ಅವರು ಎರಡು ವಾರದ ಸಂಜೆಗಳನ್ನೂ ಒಂದೊಂದಾಗಿ ತೆರೆದರು. ನೆಟ್ಟಗೆ. ನೆಟ್ಟಗೆ. ನೆಟ್ಟಗೆ. ಉಸಿರಾಡುವ ಒಂದು ಮೈಯ ಮೇಲೆ, ದಿನಕ್ಕೆ ಮೂರು ಗಂಟೆ ನೆಟ್ಟಗೆ. ಬುಧವಾರ ಐದು ಐವತ್ತೇಳರ ನಂತರ ಮಾತ್ರ ಅಡ್ಡ.

ಟೀಚರ್ ರಿಜಿಸ್ಟರು ತೆಗೆದರು. ಅವರದೇ ದುಂಡು ಅಕ್ಷರ, 5:43. ಇಬ್ಬರೂ ಅದನ್ನು ನೋಡಿದರು. ಅಂಕಿ ಸರ್ ಎದ್ದು ಹೋಗಿ ನೀರು ತಂದುಕೊಟ್ಟರು.

ಒಳಗಿನ ಕೋಣೆಯಲ್ಲಿ ಡಾಕ್ಟರ್ ಮೇಡಂ ಪೂರ್ತಿ ಕೇಳಿಸಿಕೊಂಡರು. ಕೆಟ್ಟವರೇನಲ್ಲ, ಅವರ ಮುಖವೂ ಬಿಳಿಚಿಕೊಂಡಿತು.

‘ಮೆಟ್ಟಿಲಿಂದ ಬೀಳೋಕೆ ಹನ್ನೊಂದು ನಿಮಿಷ ಬೇಕಾ ಮೇಡಂ?’ ಟೀಚರ್ ಕೇಳಿದರು. ‘ಬಿದ್ದ ಮೇಲೆ ಎರಡೂಕಾಲು ಗಂಟೆ ಹಾಗೇ ಬಿದ್ದಿದ್ದಾಳೆ. ತಾಯಿ ಕೆಲಸದಿಂದ ಬರೋದು ಎಂಟಕ್ಕೆ.’

‘ನಾನು ಇಂಥದ್ದನ್ನೆಲ್ಲ ನೋಡೋ ನೀತಿ ಸಮಿತಿಗೆ ಬರೀತೀನಿ. ಮುಂದಿನ ತಿಂಗಳು ಸೇರುತ್ತೆ.’

‘ಮುಂದಿನ ತಿಂಗಳಾ?’

‘ಟೀಚರ್, ಯಾವ ಮಗುವಿನ ಅಂಕಿಯೂ ಹೆಸರಿನ ಜೊತೆ ಹೊರಗೆ ಹೋಗಲ್ಲ ಅಂತ ನಾವೇ ಬರೆದು ಕೊಟ್ಟಿದ್ದೀವಿ. ಇದೊಂದು ಹೊರಗೆ ಹೋದ್ರೆ ನಾಳೆ ಯಾವ ತಾಯಿ ಬೆಲ್ಟ್ ಕಟ್ಟಿಸ್ತಾಳೆ? ನಾಲ್ಕು ವರ್ಷದ ಕೆಲಸ ಇದು.’ ಮತ್ತೆ ಅಂದರು, ‘ಇನ್ನೊಂದು ಮಾತು. ಆ ಫೋನು ಮಾಡಿ ಅಂತ ನಾವು ಹೇಳಿರಲಿಲ್ಲ. ನೀವು ಈ ವಿಷಯ ಎತ್ತಿದ್ರೆ ಅದೂ ಹೊರಗೆ ಬರುತ್ತೆ. ಯೋಚನೆ ಮಾಡಿ.’

ಮೇಡಂ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿರುವುದಕ್ಕೆ ಇಷ್ಟು ಒಳ್ಳೆಯ ಕಾರಣಗಳು ಎಲ್ಲರಿಗೂ ಸಿಗುವುದಿಲ್ಲ.

ಅಲ್ಲಿಂದ ಟೀಚರ್ ಗಂಡನ ಅಂಗಡಿಗೆ ಹೋದರು. ಅವರು ಒಂದು ಕೋಟಿನ ತೋಳು ಬಿಚ್ಚುತ್ತಿದ್ದರು.

‘ಏನಾಯ್ತೇ? ಮುಖ ಯಾಕೆ ಹೀಗಿದೆ?’

ಹೇಳಿದರು, ಯಾವುದನ್ನೂ ಬಿಡದೆ. ‘ಬಾಯಿ ಬಿಟ್ರೆ ನನ್ನ ಕೆಲಸ ಹೋಗತ್ತೆ ರೀ. ನಾನೇ ಹೊಡೆಸಿದೆ ಅಂತ ಊರೆಲ್ಲ ಹೇಳತ್ತೆ.’

ದರ್ಜಿ ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದರು. ‘ಹೇಳಲಿ. ತಪ್ಪಾಗಿ ಹೊಲಿದಿದ್ದನ್ನ ಬಿಚ್ಚಲೇಬೇಕು. ಅದರ ಮೇಲೆ ಇನ್ನೊಂದು ಹೊಲಿಗೆ ಹಾಕಿದ್ರೆ ಕೋಟು ಬಿಗಿಯಾಗೋದು ಹಾಕ್ಕೊಳ್ಳೋನಿಗೆ, ನಮಗಲ್ಲ.’

ಮಂಗಳವಾರ ನಾಲ್ಕು ಗಂಟೆಗೆ ಟೀಚರ್ ಮೂಳೆ ವಾರ್ಡಿನಲ್ಲಿದ್ದರು. ಮಿಡತೆ ಸೊಂಟದಿಂದ ಪಾದದವರೆಗೆ ಬಿಳೀ ಪ್ಲಾಸ್ಟರಿನೊಳಗೆ ಇದ್ದಳು. ಒಂದು ಕಣ್ಣಿನ ಸುತ್ತ ಹಳದಿಗೆ ತಿರುಗಿದ ಕಲೆ. ನಡೀತಾಳೆ, ಓಡೋ ಮಾತು ಈಗಲೇ ಹೇಳಕ್ಕಾಗಲ್ಲ ಅಂದಿದ್ದರಂತೆ ಮೂಳೆ ಡಾಕ್ಟರು. ತಾಯಿ ಹಾಸಿಗೆಯ ತುದಿಯಲ್ಲಿ ಕೂತಿದ್ದಳು. ‘ಶುಕ್ರವಾರ ಮನೆಗೆ ಕಳಿಸ್ತಾರೆ,’ ಅಂದಳು.

‘ಯಾವ ಮನೆಗೆ?’

‘ಇನ್ಯಾವುದು ಟೀಚರ್? ನಮ್ಮನೆಗೇ.’ ಅಷ್ಟು ಹೇಳಿ ತಾಯಿ ಹೂಜಿ ಹಿಡಿದು ನೀರಿಗೆ ಎದ್ದುಹೋದಳು.

ಅದು ಮೂರನೆಯ ಮಹಡಿಯ ಒಂದೇ ಕೋಣೆ. ಅಪ್ಪನಿಗೆ ಬಾಟಲಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಮಧ್ಯಾಹ್ನ ಮಲಗಿದರೆ ಏಳುವುದು ಏಳೂವರೆಗೆ, ರಜೆ ಭಾನುವಾರ ಮಾತ್ರ. ಪ್ಲಾಸ್ಟರು ಹಾಕಿಕೊಂಡ ಹುಡುಗಿ ಇನ್ನು ಇಡೀ ಮಧ್ಯಾಹ್ನ ಅವನ ಪಕ್ಕದಲ್ಲೇ ಮಲಗಿರಬೇಕು. ನೋವಾದರೆ ಕೂಗುವ ಹಾಗಿಲ್ಲ.

ಟೀಚರ್ ಸ್ಟೂಲು ಎಳೆದುಕೊಂಡು ಕೂತರು. ವಾರದ ಹಿಂದೆಯೇ ಕೇಳಬೇಕಾಗಿದ್ದನ್ನು ಈಗ ಕೇಳಿದರು. ‘ಪುಟ್ಟಾ, ಆ ಮೂರು ಗಂಟೆ ನೀನು ಏನು ಮಾಡ್ತಿದ್ದೆ?’

ಹುಡುಗಿ ನೀರಿನ ನಲ್ಲಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. ‘ಅಪ್ಪನ ಗೊರಕೆ ಕೇಳ್ತಿದ್ದೆ. ಗೊರಕೆ ಜೋರಾಗಿದ್ರೆ ಕಾಲು ಚಾಚಬಹುದು. ನಿಂತ್ರೆ ಚಾಚೋ ಹಾಗಿಲ್ಲ.’

‘ಓದಿಕೋಬಹುದಿತ್ತಲ್ಲ?’

‘ಪುಟ ತಿರುಗಿಸಿದ್ರೆ ಕೇಳತ್ತೆ. ಹೊಟ್ಟೆ ಗುರ್ ಅಂದ್ರೂ ಕೇಳತ್ತೆ, ಅದಕ್ಕೆ ದಿಂಬು ಒತ್ತಿಕೊಳ್ತೀನಿ.’

‘ಹೊರಗೆ ಹೋಗಿ ಆಡಬಹುದಿತ್ತಲ್ಲೇ?’

‘ಚಿಲಕ ಸದ್ದು ಮಾಡತ್ತೆ ಟೀಚರ್.’

ಮಿಡತೆಯೇ ಮಾತು ಮುಂದುವರಿಸಿದಳು, ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ಎಂದು ಕೇಳುವವಳ ಹಾಗೆ. ‘ಅಪ್ಪ ಅದನ್ನ ಬಿಚ್ಚಿ ಕೊಡು, ಕಿಟಕಿಯಿಂದ ಎಸೀತೀನಿ ಅಂದ್ರು. ನಾನು ಕೊಡಲಿಲ್ಲ. ಎರಡೂ ಕೈಲಿ ಹಿಡ್ಕೊಂಡೆ. ಕೊಡು ಕೊಡು ಅಂತಲೇ ಇದ್ರು. ಮತ್ತೆ ಸೊನ್ನೆ ಬಂದ್ರೆ ಓಟಕ್ಕೆ ಹೆಸರು ಕೊಡಲ್ಲ ಅಂದಿದ್ರಲ್ಲ ನೀವು.’ ಆಮೇಲೆ ಕೇಳಿದಳು, ‘ಈ ಸಲ ಅಂಕಿ ಬಂದಿದೆಯಾ ಟೀಚರ್?’

‘ಬಂದಿದೆ ಪುಟ್ಟಾ,’ ಅಂದರು ಟೀಚರ್. ಎದ್ದು ಕಿಟಕಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು. ಹತ್ತೊಂಬತ್ತು ವರ್ಷ ಮಕ್ಕಳಿಗೆ ಅಳಬೇಡಿ ಎಂದು ಗದರಿಸಿದ್ದ ಹೆಂಗಸು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳ ರಕ್ಷಣೆಯ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಟೀಚರ್ ಹೊರಗೆ ನಿಂತಿದ್ದರು. ಕೈಚೀಲದಲ್ಲಿ ಮಿಡತೆಯ ಅಂಕಿಗಳ ಎಂಟು ಹಾಳೆ. ಅದನ್ನು ಅಚ್ಚು ಹಾಕಿಕೊಟ್ಟದ್ದು ತಾನೇ ಎಂದು ಯಾರು ಕೇಳಿದರೂ ಹೇಳಿ ಅಂತ ಅಂಕಿ ಸರ್ ಹೇಳಿ ಕಳಿಸಿದ್ದರು.

ಆ ಹಾಳೆಗಳಿಂದ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುವುದು ವಾಸಿ. ಗುರುವಾರ ಅಪ್ಪನನ್ನು ಕರೆದುಕೊಂಡು ಹೋದರು. ಶುಕ್ರವಾರ ಹುಡುಗಿ ಆ ಕೋಣೆಗೆ ಹೋಗದೆ ಚಿಕ್ಕಮ್ಮನ ಮನೆಗೆ ಹೋದಳು. ಈಗ ನಡೆಯುತ್ತಾಳೆ, ಒಂದು ಕಾಲು ಬೆರಳಗಲ ಗಿಡ್ಡ, ಒಂದು ಚಪ್ಪಲಿಗೆ ಅಟ್ಟೆ ದಪ್ಪ ಹಾಕಿಸಿದ್ದಾರೆ. ಓಟದ ದಿನ ಬಂತು, ಹೋಯಿತು. ಮೂರು ಶಾಲೆಯವರು ಬೆಲ್ಟುಗಳನ್ನು ಗೋಣಿಚೀಲದಲ್ಲಿ ತುಂಬಿ ವಾಪಸ್ ಕಳಿಸಿದರು, ಅಧ್ಯಯನ ಅರ್ಧಕ್ಕೆ ನಿಂತಿತು. ಮೇಡಂ ಹೇಳಿದ್ದು ಅಷ್ಟೂ ನಿಜವಾಯಿತು. ಟೀಚರ ಕೆಲಸ ಆ ವಾರವೇ ಹೋಯಿತು, ಈಗ ಗಂಡನ ಅಂಗಡಿಯಲ್ಲಿ ನಿಂತುಕೊಂಡು ಗುಂಡಿ ಹಾಕುತ್ತಾರೆ. ಹುಡುಗಿಯ ತಾಯಿ ಒಮ್ಮೆ ದಾರಿಯಲ್ಲಿ ಸಿಕ್ಕಿ, ‘ಚುಚ್ಚಿದ್ದೂ ನೀವೇ, ಮುಲಾಮು ಹಚ್ಚೋಕೆ ಬಂದಿದ್ದೂ ನೀವೇ,’ ಅಂದು ಮುಂದೆ ಹೋದಳು.

ಆ ಬುಧವಾರ ಹೇಳಿಕೆ ಬರೆದುಕೊಂಡವರು ಕನ್ನಡಕ ಹಾಕಿದ ಒಬ್ಬ ಹೆಂಗಸು, ತಾಳ್ಮೆಯವರು. ಹಾಳೆಗಳನ್ನು ಎರಡು ಸಲ ನೋಡಿದರು. ಹಸಿರು ಬಣ್ಣದ ಹನ್ನೊಂದು ನಿಮಿಷ ಏನೆಂದು ಟೀಚರ್ ಬಿಡಿಸಿ ಹೇಳಿದಾಗ ಪೆನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು.

‘ಅವನು ಎದ್ದಿದ್ದು ಐದು ನಲವತ್ಮೂರಕ್ಕೇ ಅಂತ ನಿಮಗೆ ಹೇಗೆ ಗೊತ್ತು?’

‘ಫೋನ್ ಮಾಡಿ ಎಬ್ಬಿಸಿದ್ದು ನಾನೇ.’

‘ಅದನ್ನ ಬರೀಲೇಬೇಕು ಅಂತೇನಿಲ್ಲ,’ ಅಂದರು ಆಕೆ, ಮೆಲ್ಲಗೆ. ‘ಇಷ್ಟೇ ಸಾಕು ನಮಗೆ.’

‘ಬರೀರಿ. ನಾನು ಹೇಳಿದ ಹಾಗೇ ಬರೀರಿ.’

ಆಕೆ ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು. ‘“ಸ್ವಲ್ಪ ಗದರಿಸಿ ಹೇಳಿ” ಅಂದ್ರಿ. ಅದಕ್ಕೆ ಅವನು “ಆಯ್ತು, ಹೇಳ್ತೀನಿ” ಅಂದ. ಅಷ್ಟೇ ತಾನೆ? ಆಮೇಲೆ ಫೋನ್ ಇಟ್ರಾ?’

‘ಇಲ್ಲ,’ ಅಂದರು ಟೀಚರ್. ‘ಆಮೇಲೆ ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆ.’